ಬೇಜಾರಿಗೆ ಕುಡಿಯೋದೋ, ಕುಡಿದಿದ್ದಕ್ಕೇ ಬೇಜಾರೋ?

ಯಾಕೆ ಕುಡಿಯುತ್ತೀರಿ ಅಂತ ಕೇಳಿ ನೋಡಿ. ಸುಮ್ನೆ ಖುಷಿಗೆ ಅನ್ನುವವರಿದ್ದಾರೆ. ಟೆನ್ಶನ್ ತಡೆಯೋಕಾಗಲ್ಲ, ನಿದ್ದೆ ಬರಲ್ಲ, ತಲೆಯಲ್ಲಿ ಏನೇನೋ ಓಡ್ತಿರುತ್ತೆ ಅನ್ನುವವರೂ ಕಮ್ಮಿ ಇಲ್ಲ. ಇವರು ಸುಳ್ಳು ಹೇಳುತ್ತಿಲ್ಲ. ಒಂದೆರಡು ಪೆಗ್ ಒಳಗೆ ಹೋದರೆ ಮನಸ್ಸು ಹಗುರಾಗುವುದು ನಿಜ. ಆದರೆ ಆ ಹಗುರ ಎಲ್ಲಿಂದ ಬಂತು, ಇಳಿದ ಮೇಲೆ ಏನಾಗುತ್ತದೆ ಅನ್ನುವುದನ್ನು ಯಾರೂ ಅಷ್ಟಾಗಿ ಕೇಳುವುದಿಲ್ಲ.

ನಮ್ಮ ಮೆದುಳಿನಲ್ಲಿ ಗಾಬಾ ಅಂತ ಒಂದು ರಾಸಾಯನಿಕ ಇದೆ. ನರಕೋಶಗಳನ್ನು ಸುಮ್ಮನಿರಿಸುವುದು ಅದರ ಕೆಲಸ. ಗ್ಲುಟಮೇಟ್ ಅನ್ನುವುದು ಇದಕ್ಕೆ ತದ್ವಿರುದ್ಧ, ಅದು ಕೋಶಗಳನ್ನು ಕೆರಳಿಸುತ್ತದೆ. ಮದ್ಯ ಗಾಬಾಗೆ ಬಲ ಕೊಡುತ್ತದೆ, ಗ್ಲುಟಮೇಟ್‌ನ ಬಾಯಿ ಮುಚ್ಚಿಸುತ್ತದೆ, ಜೊತೆಗೆ ಡೋಪಮಿನ್ ಅನ್ನುವ ಇನ್ನೊಂದು ರಾಸಾಯನಿಕವನ್ನು ಒಂದಿಷ್ಟು ಹರಿಸಿ 'ಇದು ಚೆನ್ನಾಗಿದೆ, ಇನ್ನೊಮ್ಮೆ' ಅಂತ ಮೆದುಳಿಗೆ ಪಾಠ ಹೇಳಿಕೊಡುತ್ತದೆ. ಮೆದುಳು ಇದನ್ನು ನೋಡಿಕೊಂಡು ಕೂರುವುದಿಲ್ಲ. ಗಾಬಾ ಕೆಲಸ ತಗ್ಗಿಸಿ, ಗ್ಲುಟಮೇಟ್ ಕೆಲಸ ಹೆಚ್ಚಿಸಿ, ಸಮ ಮಾಡಲು ನೋಡುತ್ತದೆ. ಬಾಗಿಲನ್ನು ಆ ಕಡೆಯಿಂದ ಯಾರೋ ತಳ್ಳುತ್ತಿದ್ದಾರೆ, ಈ ಕಡೆಯಿಂದ ನೀವೂ ಮೈಭಾರ ಹಾಕಿ ತಳ್ಳುತ್ತಿದ್ದೀರಿ ಅಂದುಕೊಳ್ಳಿ. ಅವರು ಥಟ್ಟನೆ ಕೈ ಬಿಟ್ಟರೆ? ಮುಗ್ಗರಿಸಿ ಬೀಳುವುದು ನೀವೇ. ಅಮಲು ಇಳಿಯುವಾಗ ಆಗುವುದು ಇದೇ.

ಅದಕ್ಕೇ ರಾತ್ರಿ 3 ಗಂಟೆಯ ಆ ಎಚ್ಚರ. ಮಲಗಿದ ಕೂಡಲೇ ನಿದ್ದೆ ಬಂದಿರುತ್ತದೆ, ಅದರಲ್ಲಿ ಅನುಮಾನವೇ ಇಲ್ಲ. ಆದರೆ ನಮ್ಮ ಪಿತ್ತಜನಕಾಂಗ ಗಂಟೆಗೆ ಹೆಚ್ಚುಕಮ್ಮಿ 7ರಿಂದ 10 ಗ್ರಾಂ ಶುದ್ಧ ಆಲ್ಕೊಹಾಲನ್ನಷ್ಟೇ ಕರಗಿಸಬಲ್ಲದು, ಹಾಗಾಗಿ ಸಂಜೆ ಕುಡಿದದ್ದು ಮುಗಿಯುತ್ತ ಬರುವುದು ನಡುರಾತ್ರಿ ಕಳೆದ ಮೇಲೆ. ರಾತ್ರಿಯ ಮೊದಲ ಅರ್ಧದಲ್ಲಿ ಕನಸಿನ ನಿದ್ದೆಯನ್ನು ಮದ್ಯ ಅದುಮಿಟ್ಟಿರುತ್ತದೆ. ಎರಡನೇ ಅರ್ಧದಲ್ಲಿ ನಿದ್ದೆ ತುಂಡುತುಂಡಾಗುತ್ತದೆ. ಕಣ್ಣು ಬಿಟ್ಟರೆ ಬಾಯಿ ಒಣಗಿದೆ, ಎದೆ ಡವಡವ, ಅಂಗೈ ಬೆವರಿದೆ. 'ಅವನಿಗೆ ಹಾಗಂದೆನಲ್ಲ, ಬೇಸರ ಮಾಡಿಕೊಂಡನಾ?' ಅಂತ ಶುರುವಾಗಿ ಕೆಲಸ, ಸಾಲ, ಮಕ್ಕಳ ಭವಿಷ್ಯದವರೆಗೂ ಹೋಗುತ್ತದೆ. ನಿಜ ಏನೆಂದರೆ, ಇಲ್ಲಿ ಗಾಬರಿ ಮೊದಲು ಮೈಯಲ್ಲಿ ಹುಟ್ಟಿದೆ, ಅದಕ್ಕೊಂದು ಕಾರಣವನ್ನು ಮನಸ್ಸು ಆಮೇಲೆ ಹುಡುಕುತ್ತಿದೆ ಅಷ್ಟೇ. ಮರುದಿನವೆಲ್ಲ ಅದೇ ಅಳುಕು. ಸಂಜೆ ಮತ್ತೆ ಒಂದು ಪೆಗ್ ಹಾಕಿದರೆ ಹತ್ತು ನಿಮಿಷದಲ್ಲಿ ಎಲ್ಲ ಶಾಂತ. ಇಷ್ಟು ಬೇಗ ಕೆಲಸ ಮಾಡುವ ಔಷಧಿಯನ್ನು ಯಾರು ತಾನೇ ಅನುಮಾನಿಸುತ್ತಾರೆ!

1988ರಲ್ಲಿ ಅಮೆರಿಕದ ಸಾಂಡ್ರಾ ಬ್ರೌನ್ ಮತ್ತು ಮಾರ್ಕ್ ಶುಕಿಟ್ ಒಂದು ಅಧ್ಯಯನ ಪ್ರಕಟಿಸಿದರು. ಕುಡಿತದ ಚಿಕಿತ್ಸೆಗೆ ಸೇರಿದ 191 ಗಂಡಸರನ್ನು ಅವರು ಗಮನಿಸಿದ್ದರು. ಸೇರುವಾಗ ಶೇ. 42ರಷ್ಟು ಜನರಲ್ಲಿ ತೀವ್ರವಾದ ಖಿನ್ನತೆಯ ಲಕ್ಷಣಗಳಿದ್ದವು. ಕುಡಿತ ಬಿಟ್ಟು ನಾಲ್ಕನೇ ವಾರಕ್ಕೆ ಬಂದಾಗ ಅಂಥವರು ಶೇ. 6ರಷ್ಟು ಮಾತ್ರ. ನನಗಂತೂ ಈ ಇಡೀ ವಿಷಯದಲ್ಲಿ ಮುಖ್ಯ ಅನ್ನಿಸುವುದು ಇದೇ. ಕುಡಿಯುತ್ತಿರುವಷ್ಟು ಕಾಲ ತನ್ನ ಬೇಜಾರು ಎಷ್ಟು ತನ್ನದು, ಎಷ್ಟು ಬಾಟಲಿಯದು ಅಂತ ಕುಡಿಯುವವರಿಗೇ ಗೊತ್ತಾಗುವುದಿಲ್ಲ. ಹಾಗಂತ ಎಲ್ಲರದ್ದೂ ಕುಡಿತದಿಂದಲೇ ಬಂದ ಖಿನ್ನತೆ ಅನ್ನಬೇಡಿ. ಆ ಉಳಿದ ಶೇ. 6ರವರನ್ನು ಮರೆಯುವಂತಿಲ್ಲ. ಆತಂಕದ ಕಾಯಿಲೆ, ಹಳೆಯ ಆಘಾತ ಮೊದಲೇ ಇದ್ದು, ಅದನ್ನು ತಡೆಯಲಾಗದೆ ಬಾಟಲಿ ಹಿಡಿದವರೂ ಇದ್ದಾರೆ. ಅವರಿಗೆ 'ಮೊದಲು ಕುಡಿತ ಬಿಡು, ಆಮೇಲೆ ನೋಡೋಣ' ಅಂದರೆ ಸಾಲದು, ಎರಡಕ್ಕೂ ಒಟ್ಟಿಗೇ ಚಿಕಿತ್ಸೆ ಬೇಕು.

ಇನ್ನೊಂದು ವಿಷಯ. ದುಃಖ ಮರೆಯಲು ಕುಡಿಯುತ್ತೇನೆ ಅನ್ನುವ ಮಾತು. ಅಮಲಿನಲ್ಲಿ ಗಮನ ಕಿರಿದಾಗುತ್ತದೆ, ಕಣ್ಣೆದುರು ಇರುವುದಷ್ಟೇ ದೊಡ್ಡದಾಗಿ ಕಾಣುತ್ತದೆ ಅಂತ ಮನಶ್ಶಾಸ್ತ್ರಜ್ಞರಾದ ಕ್ಲಾಡ್ ಸ್ಟೀಲ್, ರಾಬರ್ಟ್ ಜೋಸೆಫ್ಸ್ 1990ರಲ್ಲೇ ವಿವರಿಸಿದ್ದರು. ನಾಲ್ಕು ಜನರ ನಡುವೆ ಹರಟೆಯಿದ್ದರೆ ಆ ಹರಟೆಯೇ ಲೋಕ. ಒಬ್ಬರೇ ಕೂತು ದುಃಖವನ್ನೇ ಎದುರಿಗಿಟ್ಟುಕೊಂಡು ಕುಡಿದರೆ ಆ ದುಃಖವೇ ಲೋಕ, ನಾಳೆ ಅನ್ನುವುದು ಕಾಣುವುದೇ ಇಲ್ಲ. ದುಡುಕಿಗೆ ಇರುವ ತಡೆಯೂ ಅದೇ ಹೊತ್ತಿಗೆ ಸಡಿಲವಾಗಿರುತ್ತದೆ. ಆತ್ಮಹತ್ಯೆಯ ಅಪಾಯ ಕುಡಿದಾಗ ಹೆಚ್ಚುವುದಕ್ಕೆ ಇದೊಂದು ಕಾರಣ. ಅಂಥ ಮಾತಾಡುವವರನ್ನು 'ಕುಡಿದು ಒದರ್ತಾನೆ ಬಿಡು' ಅಂತ ತಳ್ಳಿಹಾಕಬೇಡಿ. ಒಬ್ಬರನ್ನೇ ಬಿಟ್ಟು ಹೋಗಬೇಡಿ.

ಸರಿ, ನಾಳೆಯಿಂದಲೇ ಬಂದ್ ಅಂತ ಹೊರಡುವವರಿಗೂ ಒಂದು ಎಚ್ಚರಿಕೆ. ಅಪರೂಪಕ್ಕೆ ಕುಡಿಯುವವರು ಧಾರಾಳವಾಗಿ ನಿಲ್ಲಿಸಬಹುದು. ವರ್ಷಗಟ್ಟಲೆ ದಿನವೂ ಜಾಸ್ತಿ ಕುಡಿದವರು ಏಕಾಏಕಿ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈ ನಡುಕ ಶುರುವಾಗಬಹುದು, ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಸಾಮಾನ್ಯವಾಗಿ ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಇಲ್ಲದ್ದೆಲ್ಲ ಕಂಡು, ಎಲ್ಲಿದ್ದೇವೆ ಅನ್ನುವುದೂ ತಿಳಿಯದ ಸನ್ನಿ ಹಿಡಿಯಬಹುದು. ಇದರಲ್ಲಿ ಜೀವ ಹೋಗುವುದೂ ಉಂಟು. ಡಾಕ್ಟರ ಕೈಕೆಳಗೆ ಬಿಟ್ಟರೆ ಇದನ್ನೆಲ್ಲ ತಡೆಯಲು ಔಷಧಿ ಇದೆ. ಬಿ1 ವಿಟಮಿನ್ ಕೂಡ ಕೊಡುತ್ತಾರೆ, ಅದು ತೀರಾ ಕಮ್ಮಿಯಾದರೆ ಹೊಸ ನೆನಪು ಉಳಿಯುವ ಶಕ್ತಿಗೇ ಪೆಟ್ಟು ಬೀಳುತ್ತದೆ.

ಇನ್ನು, ನಿದ್ದೆ ಬರಲ್ಲ ಅಂತಲೋ ಗಾಬರಿ ಅಂತಲೋ ಡಾಕ್ಟರ ಹತ್ತಿರ ಹೋದಾಗ ಎಷ್ಟು ಕುಡಿಯುತ್ತೀರಿ ಅನ್ನುವುದನ್ನು ಇದ್ದದ್ದು ಇದ್ದ ಹಾಗೆ ಹೇಳಿ, ಸಂಕೋಚ ಬೇಡ. ನಿದ್ದೆ ಮಾತ್ರೆಗಳಲ್ಲಿ ಹಲವು ಕೆಲಸ ಮಾಡುವುದು ಅದೇ ಗಾಬಾ ಮೇಲೆ. ಮಾತ್ರೆಯೂ ಮದ್ಯವೂ ಒಂದೇ ರಾತ್ರಿ ಒಳಗೆ ಸೇರಿದರೆ ಉಸಿರಾಟವೇ ನಿಧಾನವಾಗುತ್ತ ನಿಂತುಹೋಗಬಹುದು.