ವರ್ಷಗಳು ಬೇಗ ಉರುಳುವುದೇಕೆ?

ಆಪ್ತಸಮಾಲೋಚನೆಗೆ ಬರುವ ನಡುವಯಸ್ಸಿನವರಲ್ಲಿ ಅನೇಕರದು ಒಂದೇ ಬಗೆಯ ದೂರು: ದಿನವಿಡೀ ಮುಗಿಯದಷ್ಟು ಕೆಲಸ, ಆದರೆ ವರ್ಷ ಮಾತ್ರ ಯಾವಾಗ ಕಳೆಯಿತೆಂದೇ ತಿಳಿಯುವುದಿಲ್ಲ. ಇವೆರಡೂ ಒಟ್ಟಿಗೆ ನಿಜವಾಗಿರಲು ಹೇಗೆ ಸಾಧ್ಯ ಎಂದು ಅವರೇ ಕೇಳುತ್ತಾರೆ. ಸಾಧ್ಯವಿದೆ, ಏಕೆಂದರೆ ನಡೆಯುತ್ತಿರುವ ಹೊತ್ತನ್ನು ಮನಸ್ಸು ಅಳೆಯುವ ರೀತಿ ಬೇರೆ, ಕಳೆದ ಹೊತ್ತನ್ನು ಅಳೆಯುವ ರೀತಿ ಬೇರೆ. ಮೊದಲನೆಯದು ಬಹುಮಟ್ಟಿಗೆ ಗಮನವನ್ನು ಅವಲಂಬಿಸಿದೆ. ಗಡಿಯಾರ ನೋಡುತ್ತ ಕಾಯುವವರಿಗೆ ಹತ್ತು ನಿಮಿಷವೂ ದೀರ್ಘವೇ. ಎರಡನೆಯದು ನೆನಪನ್ನು ಅವಲಂಬಿಸಿದೆ. ಹಿಂತಿರುಗಿ ನೋಡಿದಾಗ ಒಂದರಿಂದೊಂದು ಬೇರೆಯೆಂದು ಗುರುತಿಸಬಲ್ಲ ನೆನಪುಗಳು ಹೆಚ್ಚಿದ್ದಷ್ಟೂ ಆ ಅವಧಿ ಉದ್ದವೆನಿಸುತ್ತದೆ.

ವಯಸ್ಸಾದಂತೆ ವರ್ಷಗಳು ಚಿಕ್ಕದಾಗುವಂತೆ ತೋರಲು ಅನುಭವಗಳು ರೂಢಿಯಾಗಿಬಿಡುವುದೇ ಕಾರಣವೆಂದು ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಲ್ಲೇ ಬರೆದಿದ್ದರು. 2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ನರವಿಜ್ಞಾನಿ ಡೇವಿಡ್ ಈಗಲ್‌ಮನ್ ಮತ್ತು ಸಂಗಡಿಗರು 31 ಮೀಟರ್ ಎತ್ತರದಿಂದ ಬಲೆಯೊಳಕ್ಕೆ ಬೀಳಲು ಒಪ್ಪಿದವರನ್ನು ಪರೀಕ್ಷಿಸಿದರು. ಅವರಿಗೆ ತಾವು ಬಿದ್ದ ಅವಧಿ, ಇತರರು ಬಿದ್ದ ಅವಧಿಗಿಂತ ಸರಾಸರಿ ಶೇ. 36ರಷ್ಟು ಹೆಚ್ಚೆಂದು ತೋರಿತು. ಕಾಲ ನಿಜಕ್ಕೂ ನಿಧಾನವಾಗಿದ್ದರೆ, ಮಾಮೂಲಾಗಿ ಓದಲಾಗದಷ್ಟು ವೇಗವಾಗಿ ಪರದೆಯಲ್ಲಿ ಬದಲಾಗುವ ಅಂಕಿಗಳನ್ನು ಬೀಳುವಾಗ ಅವರು ಓದಬಲ್ಲವರಾಗಬೇಕಿತ್ತು. ಆದರೆ ಓದಲಾಗಲಿಲ್ಲ. ಕಾಲ ನಿಧಾನವಾದದ್ದು ಆ ಕ್ಷಣದಲ್ಲಲ್ಲ, ಅನಂತರದ ನೆನಪಿನಲ್ಲಿ.

ವರ್ಷಗಳು ನಿಧಾನವೆನಿಸಲು ನಿತ್ಯದ ಬದುಕಿಗೆ ಇಂಥ ಭಯ ಬೇಕಿಲ್ಲ, ಹೊಸತನ ಸಾಕು. ಕಲಿಕೆ ಅದಕ್ಕೆ ಅತ್ಯಂತ ಭರವಸೆಯ ದಾರಿಯೆಂದು ನನ್ನ ಅಭಿಪ್ರಾಯ. ಚೆನ್ನಾಗಿ ಗೊತ್ತಿರುವ ಕೆಲಸವನ್ನು ಮಿದುಳು ಬಹುಪಾಲು ತಾನಾಗಿ ನಡೆಸಿಬಿಡುತ್ತದೆ, ಹಾಗಾಗಿ ಅದರ ವಿವರ ಉಳಿಯುವುದಿಲ್ಲ. ಹೊಸ ಲಿಪಿಯನ್ನೋ ವಾದ್ಯವನ್ನೋ ಕಲಿಯುವವರು ಪ್ರತಿ ಹೆಜ್ಜೆಯಲ್ಲೂ ತಡವರಿಸುತ್ತಾರೆ, ಮತ್ತು ಆ ತಡವರಿಕೆಯೇ ನೆನಪಾಗಿ ನಿಲ್ಲುತ್ತದೆ. ಆದರೆ ಪಾಠದ ವಿಡಿಯೋವನ್ನು ಎರಡು ಪಟ್ಟು ವೇಗದಲ್ಲಿ ಓಡಿಸಿ ಮುಗಿಸುವುದನ್ನು ನಾನು ಈ ಲೆಕ್ಕಕ್ಕೆ ಸೇರಿಸುವುದಿಲ್ಲ. ಸಲೀಸಾಗಿ ಸಾಗಿದ್ದು ಬಹುಕಾಲ ಉಳಿಯುವುದು ಕಡಿಮೆ. ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದಂತೆ, ಓದಿದ್ದನ್ನೇ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಆದರೆ ಒಂದು ವಾರದ ನಂತರದ ಪರೀಕ್ಷೆಯಲ್ಲಿ ಪುಸ್ತಕ ಮುಚ್ಚಿ ನೆನಪಿಸಿಕೊಳ್ಳಲು ಯತ್ನಿಸಿದವರು ಮುಂದಿದ್ದರು. ಕಲಿತದ್ದು ಬೇರೂರಲು ನಡುವೆ ಬಿಡುವೂ ನಿದ್ದೆಯೂ ಬೇಕಾಗುತ್ತದೆ. ಅವಸರ ಮಾಡಿದಷ್ಟೂ ಕಡಿಮೆ ಉಳಿಯುವ ಕೆಲವೇ ಕೆಲಸಗಳಲ್ಲಿ ಇದೊಂದು.

ಸೃಜನಶೀಲ ಕೆಲಸವೂ ಕಾಲವನ್ನು ಹೀಗೆಯೇ ಹಿಗ್ಗಿಸುತ್ತದೆ ಎಂದಾಗ ಒಂದು ಆಕ್ಷೇಪ ಏಳುವುದುಂಟು. ಚಿತ್ರ ಬಿಡಿಸಲು ಕುಳಿತರೆ ಎರಡು ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ, ಇದು ನಿಧಾನ ಹೇಗಾಯಿತು? ಮನಶ್ಶಾಸ್ತ್ರಜ್ಞ ಚಿಕ್‌ಸೆಂಟ್‌ಮಿಹಾಯಿ ಅವರು ವಿವರಿಸಿದ ತನ್ಮಯ ಸ್ಥಿತಿಯಲ್ಲಿ ಕಾಲದ ಅರಿವು ಕರಗುವುದು ನಿಜ. ಫೋನಿನಲ್ಲಿ ಒಂದಾದ ಮೇಲೊಂದು ವಿಡಿಯೋ ನೋಡುವಾಗಲೂ ಅರಿವು ಹಾಗೆಯೇ ಕರಗುತ್ತದೆ. ವ್ಯತ್ಯಾಸ ಕಾಣುವುದು ಮರುದಿನ: ನೋಡಿದ ವಿಡಿಯೋಗಳಲ್ಲಿ ನಾಲ್ಕನ್ನು ಹೆಸರಿಸಲು ಹೇಳಿದರೆ ಬಹಳ ಜನ ತಡಕಾಡುತ್ತಾರೆ, ಬಿಡಿಸಿದ ಚಿತ್ರದಲ್ಲಿ ಯಾವ ಗೆರೆ ಕೈಕೊಟ್ಟಿತು ಎಂಬುದನ್ನು ಮಾತ್ರ ಸ್ಪಷ್ಟವಾಗಿ ಹೇಳುತ್ತಾರೆ. ಚಿತ್ರವಾಗಲಿ ಕಸೂತಿಯಾಗಲಿ, ಮುಗಿದೊಡನೆ ಜಾಲತಾಣಕ್ಕೆ ಹಾಕುವ ಆತುರವನ್ನು ಸ್ವಲ್ಪ ತಡೆಹಿಡಿಯುವುದು ಒಳ್ಳೆಯದು; ಮೆಚ್ಚುಗೆ ಎಣಿಸಲು ಆರಂಭಿಸಿದರೆ ಹವ್ಯಾಸವೂ ಇನ್ನೊಂದು ಕಚೇರಿಯಾಗುತ್ತದೆ.

ಮೂರನೆಯ ದಾರಿ ದಿನಚರಿ ಬರೆಯುತ್ತ ಮಾಡುವ ಆತ್ಮಾವಲೋಕನ. ಅದರ ವಿಷಯದಲ್ಲಿ ಮಾತ್ರ ಎಚ್ಚರ ಬೇಕು, ಏಕೆಂದರೆ ಅವಲೋಕನವೆಂದು ಭಾವಿಸಿ ಕೊರಗುತ್ತ ಕೂರುವವರು ಕಡಿಮೆಯಿಲ್ಲ. ಪೆನ್ನೆಬೇಕರ್ ಮತ್ತು ಬಿಯಲ್ ಅವರ 1986ರ ಅಧ್ಯಯನದಲ್ಲಿ ವಿದ್ಯಾರ್ಥಿಗಳು ನಾಲ್ಕು ದಿನ ಸತತವಾಗಿ, ದಿನಕ್ಕೆ 15 ನಿಮಿಷ ಬರೆದರು. ತಮ್ಮನ್ನು ಕಲಕಿದ ಘಟನೆಯನ್ನೂ ಅದರ ಭಾವನೆಯನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಆದರೆ ಬರೆದ ತಕ್ಷಣ ಅವರ ಮನಸ್ಸು ಹಗುರಾಗಿರಲಿಲ್ಲ, ಇನ್ನಷ್ಟು ಭಾರವಾಗಿತ್ತು. ಹೀಗಾಗಿ ಮೊದಲ ದಿನದ ಬೇಸರಕ್ಕೆ ಹೆದರಬೇಕಿಲ್ಲ. ದಿನಗಳು ಕಳೆದರೂ ಪುಟದಲ್ಲಿ ಅದೇ ವಾಕ್ಯ, ಅದೇ ಆರೋಪ ಮರಳುತ್ತಿದ್ದರೆ, ಹೊಸ ಅರ್ಥವೇನೂ ಹೊಳೆಯದಿದ್ದರೆ, ಅದು ಸುತ್ತಿ ಸುತ್ತಿ ಅಲ್ಲಿಗೇ ಬರುವ ಕೊರಗು. ಸೂಸನ್ ನೋಲೆನ್-ಹೊಕ್ಸೆಮಾ ಅವರ ಸಂಶೋಧನೆಗಳು ಈ ಬಗೆಯ ಮೆಲುಕು ಖಿನ್ನತೆಯನ್ನು ಎಳೆದು ಉದ್ದ ಮಾಡುತ್ತದೆ ಎಂದು ತೋರಿಸಿವೆ. ಅಂಥವರು ದಿನಚರಿ ಬದಿಗಿಟ್ಟು ತಜ್ಞರೊಬ್ಬರೊಡನೆ ಮಾತನಾಡುವುದು ಲೇಸು.

ಆರಂಭಿಸುವವರಿಗೆ ನನ್ನ ಸಲಹೆ ಸರಳ: ಕಲಿಕೆ, ಕಲೆ, ಬರವಣಿಗೆ ಮೂರನ್ನೂ ಒಮ್ಮೆಲೇ ಕೈಗೆತ್ತಿಕೊಳ್ಳದೆ ಒಂದನ್ನು ಆರಿಸಿಕೊಳ್ಳಿ, ಮತ್ತು ಅದಕ್ಕೆ ಮುನ್ನ ಕೈಯಲ್ಲಿದ್ದ ಕೆಲಸವನ್ನು ಎಲ್ಲಿ ನಿಲ್ಲಿಸಿದಿರೆಂದು ಒಂದು ಸಾಲಿನಲ್ಲಿ ಬರೆದಿಡಿ. ಅರೆಬರೆಯಾದ ಕೆಲಸದ ಮೇಲಿನ ಗಮನ ಮುಂದಿನದಕ್ಕೂ ಅಂಟಿಕೊಂಡು ಬರುತ್ತದೆ ಎಂಬುದನ್ನು ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ನಿರೂಪಿಸಿದ್ದಾರೆ.

ಹಾಸಿಗೆ ಹಿಡಿದವರ ಆರೈಕೆ ಮಾಡುತ್ತಿರುವವರಿಗೆ ಅಥವಾ ಎರಡೆರಡು ಕಡೆ ದುಡಿಯುವವರಿಗೆ ಇದಾವುದನ್ನೂ ಮೊದಲ ಭೇಟಿಯಲ್ಲಿ ನಾನು ಹೇಳುವುದಿಲ್ಲ. ಬಿಡುವೇ ಇಲ್ಲದವರಿಗೆ ನಿಧಾನದ ಉಪದೇಶ ಇನ್ನೊಂದು ಹೊರೆ. ಮುಂದಿನ ಭೇಟಿಗೆ ಮನೆಯ ಮತ್ತೊಬ್ಬರನ್ನು ಕರೆತರಲು ಕೇಳಿ, ಯಾವ ಕೆಲಸವನ್ನು ಯಾರು ವಹಿಸಿಕೊಳ್ಳಬಹುದೆಂಬ ಮಾತನ್ನೇ ಅಲ್ಲಿ ಮೊದಲು ಎತ್ತುತ್ತೇನೆ.