ಕೊಳಕ್ಕೆ ತೂಬಿದೆ, ಕೋಡಿ ಎಲ್ಲಿ?

"ಸರ್, ಇದಕ್ಕಿಂತ ದೊಡ್ಡ ಪಂಪ್ ಹಾಕಿಕೊಡಿ." ಫೆಬ್ರವರಿ ಬಂತೆಂದರೆ ನನ್ನ ಫೋನಿಗೆ ಬರುವ ಕರೆಗಳಲ್ಲಿ ಹೆಚ್ಚಿನವು ಈ ಮಾತಿನಿಂದಲೇ ಶುರುವಾಗುತ್ತವೆ. ಬೆಂಗಳೂರಿನಲ್ಲಿ ಹೊಂಗೆಯೂ ಬೇವೂ ಎಲೆ ಉದುರಿಸುವ ಕಾಲ ಅದು. ಆಸೆಪಟ್ಟು ಕಟ್ಟಿಸಿದ ಹತ್ತಡಿ ಉದ್ದದ ಕೊಳದ ಮೇಲೆ ಹಳದಿ ಎಲೆ ಚಾಪೆಯಂತೆ ಹಾಸಿಕೊಂಡಿರುತ್ತದೆ. ತಳದಲ್ಲಿ ಪಂಪ್ ಹಗಲು ರಾತ್ರಿ ಓಡುತ್ತಿರುತ್ತದೆ. ಎಲೆ ಮಾತ್ರ ಬಿದ್ದಲ್ಲೇ ಬಿದ್ದಿರುತ್ತದೆ. ಪಂಪಿನ ಶಕ್ತಿ ಸಾಲದು ಎಂದು ಮನೆಯವರು ತೀರ್ಮಾನಿಸಿಬಿಡುತ್ತಾರೆ.

ಮನೆತೋಟದ ಕೊಳಗಳನ್ನು ಕಟ್ಟುವುದು, ನೋಡಿಕೊಳ್ಳುವುದು ನನ್ನ ಕೆಲಸ. ಲೈನರ್, ಸೋರಿಕೆ, ಎಷ್ಟು ಮೀನು ಬಿಡಬೇಕು ಎಂಬುದೆಲ್ಲ ಈಗ ಬೇಡ. ಈ ಒಂದು ಪಂಪಿನ ಮಾತನ್ನು ಎಷ್ಟು ಮನೆಗಳಲ್ಲಿ ಎಷ್ಟು ಸಲ ಬಿಡಿಸಿ ಹೇಳಿದ್ದೇನೋ ಲೆಕ್ಕವಿಲ್ಲ. ಒಪ್ಪಿದಂತೆ ತಲೆಯಾಡಿಸಿದವರೇ ಮುಂದಿನ ವರ್ಷ ಮತ್ತೆ ಅದೇ ಪ್ರಶ್ನೆ ಕೇಳುತ್ತಾರೆ. ಆದ್ದರಿಂದ ಬರೆದೇ ಬಿಡುತ್ತೇನೆ.

ನಾನು ಹುಟ್ಟಿ ಬೆಳೆದದ್ದು ತುಮಕೂರು ಕಡೆಯ ಒಂದು ಹಳ್ಳಿಯಲ್ಲಿ. ಕೆರೆ ಕೋಡಿ ಬಿತ್ತು ಎಂಬ ಸುದ್ದಿ ಬಂದರೆ ಮಕ್ಕಳೆಲ್ಲ ಓಡುತ್ತಿದ್ದೆವು. ಇಡೀ ಕೆರೆಯ ಮೇಲೆ ಚೆದುರಿಕೊಂಡಿದ್ದ ಹುಲ್ಲುಕಡ್ಡಿ, ಒಣಗಿದ ಗರಿ, ತೆಂಗಿನ ಸಿಪ್ಪೆ, ಯಾರದೋ ಕಳೆದುಹೋದ ರಬ್ಬರ್ ಚೆಂಡು ಎಲ್ಲವೂ ಒಂದೊಂದಾಗಿ ಕೋಡಿಯ ಕಡೆಗೆ ಬಂದು, ಕಲ್ಲಿನ ಅಂಚಿನ ಮೇಲೆ ಜಾರಿ ಆಚೆಗೆ ಬೀಳುತ್ತಿದ್ದವು. ಅದೇ ಕೆರೆಯ ತೂಬಿನಲ್ಲಿ ತಿಂಗಳುಗಟ್ಟಲೆ ನೀರು ಗದ್ದೆಗೆ ಹೋಗುತ್ತಿತ್ತು. ಕೆರೆ ತುಂಬಿರುವಾಗ ತೂಬಿನ ನೆತ್ತಿಯ ಮೇಲೆ ತೇಲುತ್ತಿದ್ದ ಒಂದು ಕಡ್ಡಿಯೂ ಅಲುಗಿದ್ದನ್ನು ನಾನು ಕಂಡಿಲ್ಲ. ತೂಬು ಎಳೆಯುವುದು ತಳದ ನೀರನ್ನು, ಕೋಡಿ ಎಳೆಯುವುದು ಮೇಲಿನ ನೀರನ್ನು. ಈಗ ನಿಮ್ಮ ಕೊಳ ನೋಡಿ. ತಳದಲ್ಲಿ ಕುಳಿತ ಪಂಪ್ ಒಂದು ತೂಬು. ಕೋಡಿ ಎಲ್ಲಿದೆ?

ಪಂಪ್ ದೊಡ್ಡದಾದರೆ ಅದರ ಸೆಳೆತ ಮೇಲಿನವರೆಗೂ ಮುಟ್ಟುವುದಿಲ್ಲವೇ ಎಂದು ಕೇಳುತ್ತಾರೆ. ಪಂಪ್ ತನ್ನ ಸುತ್ತಲಿನ ನೀರನ್ನು ಎಲ್ಲ ದಿಕ್ಕಿನಿಂದಲೂ ಎಳೆದುಕೊಳ್ಳುತ್ತದೆ. ಬಾಯಿಯಿಂದ ಒಂದು ಗೇಣು ದೂರದಲ್ಲಿರುವ ಸೆಳೆತ ಎರಡು ಗೇಣು ದೂರಕ್ಕೆ ಹೋಗುವಷ್ಟರಲ್ಲಿ ಕಾಲು ಭಾಗಕ್ಕೆ ಇಳಿದಿರುತ್ತದೆ. ಮೂರು ಗೇಣು ಮೇಲೆ ತೇಲುವ ಎಲೆಗೆ ಅದರ ಸುದ್ದಿಯೇ ಇರುವುದಿಲ್ಲ. ದೊಡ್ಡ ಪಂಪ್ ಮಾಡುವ ಕೆಲಸವೆಂದರೆ ತಳದ ಕೆಸರನ್ನು ಕದಡುವುದು.

ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು ನನ್ನನ್ನು ಕರೆಸಿಕೊಂಡಾಗ ಅವರಲ್ಲಿದ್ದದ್ದು ಮೂರನೆಯ ಪಂಪ್. ಮೊದಲನೆಯದು ಗಂಟೆಗೆ 2,000 ಲೀಟರಿನದು, ಎರಡನೆಯದು 5,000, ಮೂರನೆಯದು 10,000. ಕೊಳದ ನೀರು ಕಾಫಿಯ ಬಣ್ಣಕ್ಕೆ ತಿರುಗಿತ್ತು, ಮೀನುಗಳು ಒಂದು ಮೂಲೆಯಲ್ಲಿ ಒತ್ತಿಕೊಂಡು ನಿಂತಿದ್ದವು, ಎಲೆಗಳು ನಡುವೆ ಗಾಣದೆತ್ತಿನಂತೆ ಸುತ್ತುತ್ತಿದ್ದವು. ನಾನು ಎರಡನೆಯ ಪಂಪನ್ನು ಹೊರಗೆ ತರಿಸಿ, ಅವರ ಮನೆಯದೇ ಒಂದು ಅಗಲ ಬಾಯಿಯ ಬಕೆಟ್ಟಿನಲ್ಲಿಟ್ಟು, ಬಕೆಟ್ಟಿನ ಅಂಚು ನೀರಿನ ಮಟ್ಟಕ್ಕಿಂತ ಒಂದು ಬೆರಳು ಕೆಳಗಿರುವಂತೆ ಕೊಳದೊಳಗೆ ಕಲ್ಲುಗಳ ಮೇಲೆ ಕೂರಿಸಿದೆ. ಪಂಪ್ ಶುರುವಾಯಿತು. ನೀರು ಬಕೆಟ್ಟಿನ ಅಂಚಿನ ಮೇಲಿನಿಂದ ಒಳಗೆ ಇಳಿಯತೊಡಗಿತು. ಸ್ವಲ್ಪ ಹೊತ್ತಿನಲ್ಲಿ ಆಚೆ ದಡದ ಎಲೆಗಳು ಹೊರಟವು, ಸಾಲುಗಟ್ಟಿ ಬಂದವು. ಹಿರಿಯರು ಕುರ್ಚಿ ಎಳೆದುಕೊಂಡು ಕೊಳದ ಪಕ್ಕದಲ್ಲೇ ಕುಳಿತರು. ಕೈಯಲ್ಲಿದ್ದ ಚಹಾ ಆರಿಹೋದದ್ದೂ ಅವರಿಗೆ ತಿಳಿಯಲಿಲ್ಲ. ಅಂಥ ಗಳಿಗೆಗಳಿಗಾಗಿಯೇ ಈ ಕೆಲಸ ನನಗೆ ಇಷ್ಟ.

ಅಂಗಡಿಯಲ್ಲಿ ಸ್ಕಿಮ್ಮರ್ ಎಂದು ಮಾರುವುದು ಇದನ್ನೇ: ಅಂಚಿನ ಮೇಲೆ ನೀರು ಇಳಿಯುವ ಒಂದು ಡಬ್ಬಿ, ಕಸ ಹಿಡಿಯಲು ಒಳಗೊಂದು ಬುಟ್ಟಿ, ಬುಟ್ಟಿಯ ಕೆಳಗೆ ಪಂಪ್. ಬಾಯಿಗೆ ಒಂದು ತೇಲುವ ರೆಕ್ಕೆ ಇರುತ್ತದೆ. ಇಷ್ಟು ತಂದು ಹಾಕಿಸಿಕೊಂಡವರೂ ಮುಂದಿನ ಹೆಜ್ಜೆಯಲ್ಲಿ ಎಡವುತ್ತಾರೆ. "ನೀರು ದಾರದಷ್ಟು ತೆಳ್ಳಗೆ ಬೀಳುತ್ತಿದೆ, ಎಲ್ಲೋ ಕಟ್ಟಿಕೊಂಡಿದೆ" ಎಂದು ಆ ರೆಕ್ಕೆಯನ್ನೇ ಕಿತ್ತುಹಾಕುತ್ತಾರೆ. ಕೆಲವರು ಕೊಳಕ್ಕೆ ಇನ್ನಷ್ಟು ನೀರು ಬಿಟ್ಟು ಡಬ್ಬಿಯ ಬಾಯಿ ಪೂರ್ತಿ ಮುಳುಗುವಂತೆ ಮಾಡುತ್ತಾರೆ. ಮರುದಿನ ಎಲೆಗಳು ಡಬ್ಬಿಯ ಮೇಲೆಯೇ ತೇಲುತ್ತಿರುತ್ತವೆ.

ದಯವಿಟ್ಟು ಇದೊಂದನ್ನು ಗಮನವಿಟ್ಟು ಕೇಳಿ. ನೀರು ತೆಳ್ಳಗೆ ಬೀಳುವುದು ದೋಷವಲ್ಲ, ಅದೇ ಆ ಡಬ್ಬಿಯ ಕೆಲಸ. ಹಾಲಿನ ಕೆನೆ ತೆಗೆಯುವಾಗ ಚಮಚವನ್ನು ಹೇಗೆ ಹಿಡಿಯುತ್ತೀರಿ? ಓರೆಯಾಗಿ ಹಿಡಿದು, ಮೇಲ್ಮೈಯನ್ನಷ್ಟೇ ಸವರುತ್ತೀರಿ. ಸೌಟನ್ನು ಮುಳುಗಿಸಿದರೆ ಬರುವುದು ಹಾಲು, ಕೆನೆ ಪಾತ್ರೆಯಲ್ಲೇ ಉಳಿಯುತ್ತದೆ. ಕೊಳದ ಕಸ, ಪರಾಗ, ರಸ್ತೆಯ ದೂಳು, ಮೀನಿನ ಆಹಾರದ ಜಿಡ್ಡು ಎಲ್ಲವೂ ಮೇಲಿನ ತೆಳುಪದರದಲ್ಲೇ ಇರುತ್ತವೆ. ಆ ಪದರ ಮಾತ್ರ ಜಾರಿ ಬರಬೇಕು. ಪಂಪಿಗೆ ಸಿಗುವ ನೀರು ಇಷ್ಟೇ. ಅದರಲ್ಲಿ ಅಡಿಯ ನೀರು ಹೆಚ್ಚು ಸೇರಿದಷ್ಟೂ ಮೇಲಿನ ಪದರದ ಪಾಲು ಕಡಿಮೆಯಾಗುತ್ತದೆ.

ಲೆಕ್ಕ ಬೇಕೆನ್ನುವವರಿಗೆ, ನೀರಾವರಿಯವರು ಕೋಡಿಯ ನೀರನ್ನು ಅಳೆಯುವ ಸೂತ್ರವೇ ಇಲ್ಲಿಗೂ ಸಾಕು. 20 ಸೆಂಟಿಮೀಟರ್ ಅಗಲದ ಬಾಯಿಯ ಮೇಲೆ ಒಂದು ಸೆಂಟಿಮೀಟರ್ ದಪ್ಪದ ನೀರು ಇಳಿಯಲು ಗಂಟೆಗೆ ಸುಮಾರು 1,300 ಲೀಟರ್ ಪಂಪ್ ಸಾಕು. ದಪ್ಪ ಎರಡು ಸೆಂಟಿಮೀಟರ್ ಆದರೆ ಸುಮಾರು 3,700 ಲೀಟರ್ ಬೇಕು. ಪಂಪನ್ನು ದುಪ್ಪಟ್ಟು ಮಾಡಿದರೆ ಬಾಯಿಯ ಬಳಿ ನೀರಿನ ಓಟ ಕಾಲು ಭಾಗದಷ್ಟು ಮಾತ್ರ ಹೆಚ್ಚುತ್ತದೆ. ಪ್ರಯೋಜನ ಇಲ್ಲವೇ ಇಲ್ಲ ಎಂದು ನಾನು ಹೇಳುವುದಿಲ್ಲ, ಆದರೆ ಆ ಹಣಕ್ಕೆ ಅಗಲ ಬಾಯಿಯ ಡಬ್ಬಿ ಕೊಳ್ಳುವುದು ಮೇಲು. ಹಿರಿಯರ ಮನೆಯ ಬಕೆಟ್ ಗೆದ್ದದ್ದು ಹೀಗೆಯೇ. ಒಂದಡಿ ಅಗಲದ ಬಕೆಟ್ಟಿನ ಸುತ್ತಳತೆ ಮೂರಡಿಗಿಂತ ಹೆಚ್ಚು. ಅಷ್ಟು ಉದ್ದದ ಕೋಡಿಯ ಮೇಲೆ ಆ ಪಂಪಿನ ಪೂರ್ತಿ 5,000 ಲೀಟರ್ ಗಂಟೆಯೊಂದರಲ್ಲಿ ಇಳಿದರೂ ನೀರಿನ ದಪ್ಪ ಎಂಟೊಂಬತ್ತು ಮಿಲಿಮೀಟರ್ ಆಸುಪಾಸಿನಲ್ಲಿರುತ್ತದೆ.

ಹಾಗಾದರೆ ಎಲ್ಲರೂ ಬಕೆಟ್ಟನ್ನೇ ಇಟ್ಟುಕೊಳ್ಳಬಹುದಲ್ಲ ಎಂದರೆ, ಪರೀಕ್ಷೆಗೆ ಸರಿ, ಕಾಯಂ ಬಳಕೆಗೆ ನಾನು ಹೇಳುವುದಿಲ್ಲ. ಒಳಗಿನ ನೀರು ಇಳಿದ ಕೂಡಲೇ ಬಕೆಟ್ ಮೇಲೇಳಲು ನೋಡುತ್ತದೆ, ಒಳಗೆ ಏಳೆಂಟು ಕಿಲೋ ಕಲ್ಲಾದರೂ ಬೇಕು. ಅಂಚು ಒಂದು ಕಡೆ ಚೂರು ತಗ್ಗಿದರೂ ನೀರೆಲ್ಲ ಅಲ್ಲಿಂದಲೇ ನುಗ್ಗುತ್ತದೆ. ಇವೆರಡಕ್ಕಿಂತ ದೊಡ್ಡ ತೊಂದರೆ ಬೇಸಿಗೆಯದು. ಬಿಸಿಲ ದಿನಗಳಲ್ಲಿ ಕೊಳದ ಮಟ್ಟ ದಿನಕ್ಕೆ ಐದಾರು ಮಿಲಿಮೀಟರ್ ಇಳಿಯುವುದು ಸಾಮಾನ್ಯ. ಮೂರ್ನಾಲ್ಕು ದಿನ ಊರಿಗೆ ಹೋಗಿ ಬಂದರೆ ಬಕೆಟ್ಟಿನ ಅಂಚು ನೀರಿನ ಮೇಲೆ ನಿಂತಿರುತ್ತದೆ, ಒಳಗೆ ಪಂಪ್ ಒಣಗಿ ಸುಟ್ಟಿರುತ್ತದೆ. ನೀವು ಕಿತ್ತುಹಾಕುವ ಆ ರೆಕ್ಕೆ ತೇಲುವುದು ಇದಕ್ಕಾಗಿಯೇ. ಮಟ್ಟ ಇಳಿದರೆ ತಾನೂ ಇಳಿಯುತ್ತದೆ, ಏರಿದರೆ ತಾನೂ ಏರುತ್ತದೆ, ನೀರನ್ನು ಯಾವಾಗಲೂ ತೆಳ್ಳಗೇ ಇಡುತ್ತದೆ. ಅದಕ್ಕೂ ಮಿತಿ ಇದೆ. ಡಬ್ಬಿಯ ಒಳಗೆ ಗುರುತು ಇರುತ್ತದೆ, ಅದಕ್ಕಿಂತ ಕೆಳಗೆ ಹೋಗಲು ಬಿಡಬೇಡಿ.

ಡಬ್ಬಿಯನ್ನು ಎಲ್ಲಿಡಬೇಕು ಎಂಬುದನ್ನು ನನಗೆ ಕಲಿಸಿದವರು ಬಸವನಗುಡಿಯ ಒಬ್ಬ ಅಜ್ಜಿ. ಅವರು ಬೆಳಿಗ್ಗೆ ಪೂಜೆಯ ಹಿಂದಿನ ದಿನದ ಹೂವನ್ನು ಕೊಳದಲ್ಲಿ ಬಿಡುತ್ತಿದ್ದರು. ಬಿಡಬೇಡಿ ಎಂದು ನಾನು ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲ. ಒಂದು ದಿನ ಅವರು, "ಅಪ್ಪಾ, ನಾನು ಹೂವನ್ನು ಎಲ್ಲಿ ಬಿಟ್ಟರೂ ಹತ್ತು ಗಂಟೆಗೆ ಎಲ್ಲವೂ ತುಳಸಿಕಟ್ಟೆಯ ಕಡೆಗೇ ಹೋಗಿ ಸೇರುತ್ತವೆ. ನೀನು ಡಬ್ಬಿಯನ್ನು ಈ ಕಡೆ ಏಕೆ ಇಟ್ಟೆ?" ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಪೈಪು ಎಳೆಯಲು ಸುಲಭವೆಂದು ಅಲ್ಲಿಟ್ಟಿದ್ದೆ. ತೇಲುವ ವಸ್ತುವನ್ನು ನೀರಿಗಿಂತ ಗಾಳಿಯೇ ಹೆಚ್ಚು ನಡೆಸುತ್ತದೆ. ಗಾಳಿ ಯಾವ ದಡಕ್ಕೆ ತಳ್ಳುತ್ತದೋ ಆ ದಡದಲ್ಲಿ ಕೋಡಿ ಇರಬೇಕು. ಅದಕ್ಕೆ ಎದುರು ದಡದಿಂದ, ಪಂಪಿನಿಂದ ಮರಳಿ ಬರುವ ನೀರನ್ನು ಮೇಲ್ಮೈಗೆ ಸಮನಾಗಿ ಮೆಲ್ಲಗೆ ಬಿಟ್ಟರೆ ಎರಡೂ ಕೂಡಿ ಕೆಲಸ ಮಾಡುತ್ತವೆ. ನಡುವೆ ಕಾರಂಜಿ ಚಿಮ್ಮುತ್ತಿದ್ದರೆ ಅದು ಕಸವನ್ನು ಎಲ್ಲ ದಡಗಳಿಗೂ ಹಂಚುತ್ತದೆ. ಅತಿಥಿಗಳು ಬಂದಾಗ ಹಾಕಿ, ಹೋದ ಮೇಲೆ ಆರಿಸಿ.

ಬೆಂಗಳೂರಿನಲ್ಲಿ ಮುಂಗಾರಿನ ತಿಂಗಳುಗಳಲ್ಲಿ ಗಾಳಿ ಪಡುವಣದಿಂದ, ಚಳಿಗಾಲದಲ್ಲಿ ಮೂಡಣದಿಂದ ಬೀಸುತ್ತದೆ. ನಮ್ಮ ವಿಮಾನ ನಿಲ್ದಾಣಗಳ ರನ್‌ವೇಗಳು ಪೂರ್ವ-ಪಶ್ಚಿಮವಾಗಿ ಮಲಗಿರುವುದು ಈ ಗಾಳಿಗೆ ಹೊಂದಿಕೆಯಾಗಿಯೇ. ಜುಲೈನಲ್ಲಿ ಕೊಳ ಕಟ್ಟಿಸಿದವರು ಕಸ ಪೂರ್ವ ದಡಕ್ಕೆ ಸೇರುವುದನ್ನು ಕಂಡು ಡಬ್ಬಿಯನ್ನು ಅಲ್ಲಿಡಿಸುತ್ತಾರೆ. ಎಲೆ ನಿಜವಾಗಿ ಉದುರುವ ಫೆಬ್ರವರಿಯಲ್ಲಿ ಎಲ್ಲವೂ ಪಶ್ಚಿಮ ದಡದಲ್ಲಿ ಬಿದ್ದಿರುತ್ತದೆ. ಹೀಗೆಂದು ದಿಕ್ಸೂಚಿ ನೋಡಿ ಡಬ್ಬಿ ಇಡಬೇಡಿ. ಕಾಂಪೌಂಡ್ ಗೋಡೆ, ಪಕ್ಕದ ಮೂರು ಮಹಡಿಯ ಮನೆ, ನಡುವಿನ ಓಣಿ ಸೇರಿ ಗಾಳಿಯನ್ನು ಹೇಗೆ ಬೇಕಾದರೂ ತಿರುಗಿಸಬಲ್ಲವು. ನಾನು ಈಗ ಎಲ್ಲರಿಗೂ ಹೇಳುವುದು ಕಡಲೆಪುರಿಯ ಪರೀಕ್ಷೆ. ಪಂಪ್ ಆರಿಸಿ, ಒಂದು ಹಿಡಿ ಪುರಿಯನ್ನು ಕೊಳದ ನಡುವೆ ಎರಚಿ, ಎಲ್ಲಿಗೆ ಹೋಗಿ ನಿಲ್ಲುತ್ತದೆ ನೋಡಿ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಕೆಲವು ದಿನ ನೋಡಿ. ಖಾರ ಹಚ್ಚದ ಪುರಿಯೇ ಆಗಿರಲಿ, ಉಳಿದದ್ದನ್ನು ಮೀನು ತಿನ್ನುತ್ತದೆ. ಇದನ್ನು ಚಳಿಗಾಲದಲ್ಲೂ ಮಳೆಗಾಲದಲ್ಲೂ ಮಾಡಬೇಕು. ಎರಡು ಉತ್ತರ ಬಂದರೆ ಎಲೆ ಉದುರುವ ಕಾಲದ ಉತ್ತರವನ್ನು ನಂಬಿ.

ಕಸ ತೇಲಿದರೆ ತೇಲಲಿ, ಚೆನ್ನಾಗಿಯೇ ಕಾಣುತ್ತದೆ ಎನ್ನುವವರೂ ಇದ್ದಾರೆ. ಎಲೆ ಹೆಚ್ಚು ದಿನ ತೇಲುವುದಿಲ್ಲ. ನೀರು ಕುಡಿದು ಭಾರವಾಗಿ ತಳ ಸೇರುತ್ತದೆ, ಅಲ್ಲಿ ಕೊಳೆಯುತ್ತ ನೀರಿನ ಆಮ್ಲಜನಕವನ್ನು ತಿನ್ನುತ್ತದೆ. ಹೊಸ ಆಮ್ಲಜನಕ ಇಳಿಯಬೇಕಾದ ಮೇಲ್ಮೈಯನ್ನು ಎಲೆ, ಜಿಡ್ಡು ಮುಚ್ಚಿರುತ್ತವೆ. ಬೆಳಗಿನ ಜಾವ ಮೀನುಗಳು ಬಾಯಿ ಮೇಲೆತ್ತಿ ಗುಟುಕುಗುಟುಕಾಗಿ ಉಸಿರಾಡುತ್ತಿದ್ದರೆ, ಅವು ಆಹಾರ ಕೇಳುತ್ತಿವೆ ಎಂದು ತಿಳಿದು ಇನ್ನಷ್ಟು ಹಾಕುವ ಮನೆಗಳನ್ನು ಕಂಡಿದ್ದೇನೆ. ಆ ನೋಟ ನನಗೆ ಬಹಳ ನೋವು ಕೊಡುತ್ತದೆ. ಮೀನು ಉಸಿರಿಗೆ ಒದ್ದಾಡಲು ಬೇರೆ ಕಾರಣಗಳೂ ಇರಬಹುದು, ಕೊಳ ನೋಡದೆ ನಾನು ಖಚಿತವಾಗಿ ಹೇಳಲಾರೆ. ಆದರೆ ಮೊದಲು ಮೇಲ್ಮೈ ನೋಡಿ. ಜಿಡ್ಡು ಕಂಡರೆ ಒಂದು ಹಳೆಯ ದಿನಪತ್ರಿಕೆಯ ಹಾಳೆಯನ್ನು ನೀರಿನ ಮೇಲೆ ಹಾಸಿ, ಒಂದು ಕ್ಷಣ ಬಿಟ್ಟು ಮೆಲ್ಲಗೆ ಎತ್ತಿ. ಬಹಳಷ್ಟು ಅದಕ್ಕೆ ಅಂಟಿ ಬರುತ್ತದೆ.

ಕೊಳ ಪೂರ್ತಿ ಖಾಲಿ ಮಾಡಿ ತೊಳೆದುಬಿಡಿ ಎನ್ನುವ ಸಲಹೆ ಯಾರು ಕೊಟ್ಟರೂ ಕೇಳಬೇಡಿ. ತಳದಲ್ಲೂ ಕಲ್ಲುಗಳ ಮೇಲೂ ನೆಲೆಸಿ ನೀರನ್ನು ತಿಳಿಯಾಗಿಡುವ ಸೂಕ್ಷ್ಮಜೀವಿಗಳು ಅದರೊಂದಿಗೇ ಹೋಗುತ್ತವೆ. ನೀರಿನ ಮಾತಂತೂ ಹೇಳಬೇಕಾಗಿಯೇ ಇಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ಕಾರಂಜಿಗೆ ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶ ಹೊರಡಿಸಿದ್ದು ನೆನಪಿರಬಹುದು. ಆ ಬೇಸಿಗೆಯಲ್ಲಿ ನಾನು ನೋಡಿಕೊಳ್ಳುವ ಕೊಳಗಳಿಗೆ ಚಾವಣಿಯ ಮಳೆನೀರಿನ ತೊಟ್ಟಿಯಿಂದ ಆವಿಯಾದಷ್ಟನ್ನು ಮಾತ್ರ ತುಂಬಿಸಿದೆವು.

ತೀರ ಚಿಕ್ಕ ಕೊಳವಾದರೆ ಸ್ಕಿಮ್ಮರ್ ಬೇಡವೇ ಬೇಡ, ಉದ್ದ ಹಿಡಿಯ ಬಲೆ ಸಾಕು. ಮರದ ನೆರಳಿದ್ದರೆ ಫೆಬ್ರವರಿ, ಮಾರ್ಚ್ ಎರಡು ತಿಂಗಳು ಮೇಲೊಂದು ಜಾಲರಿ ಕಟ್ಟಿ. ಸ್ಕಿಮ್ಮರ್ ಇರುವವರು ಬುಟ್ಟಿಯನ್ನು ದಿನವೂ ಬೆಳಿಗ್ಗೆ ಎತ್ತಿ ನೋಡಿ. ತುಂಬಿದ ಬುಟ್ಟಿ ನೀರನ್ನೇ ತಡೆಯುತ್ತದೆ, ಮಳೆಗಾಲದಲ್ಲಿ ಕಪ್ಪೆಗಳೂ ಮೀನಿನ ಮರಿಗಳೂ ಒಳಗೆ ಸಿಕ್ಕಿಕೊಳ್ಳುತ್ತವೆ. ಕೈ ಹಾಕುವ ಮೊದಲು ಸ್ವಿಚ್ ಆರಿಸಿ ಪ್ಲಗ್ ಕೀಳಿ. ಕೊಳದ ವಿದ್ಯುತ್ ಸಂಪರ್ಕಕ್ಕೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ವಿದ್ಯುತ್ ಸೋರಿದ ಕೂಡಲೇ ಸಂಪರ್ಕ ಕಡಿಯುವ ಸ್ವಿಚ್) ಇದೆಯೇ ಎಂದು ಬಲ್ಲ ಎಲೆಕ್ಟ್ರಿಷಿಯನ್ನರಿಂದ ಪರೀಕ್ಷಿಸಿಕೊಳ್ಳಿ. ಇದರಲ್ಲಿ ನಾನು ಯಾರ ಮಾತಿಗೂ ಜಗ್ಗುವುದಿಲ್ಲ.

ಅಜ್ಜಿಯ ಮನೆಯ ಡಬ್ಬಿಯನ್ನು ಅದೇ ವಾರ ತುಳಸಿಕಟ್ಟೆಯ ಕಡೆಗೆ ಬದಲಿಸಿದೆ. ಹೊಸ ಪೈಪಿಗಾಗಿ ಎಂಟು ಅಡಿ ಹಾಸುಗಲ್ಲು ಎಬ್ಬಿಸಬೇಕಾಯಿತು. ಅವರು ಹೂವು ಬಿಡುವುದನ್ನು ನಿಲ್ಲಿಸಿಲ್ಲ. ಪೂಜೆ ಮುಗಿದ ಮೇಲೆ ಬಿಡುತ್ತಾರೆ, ಹತ್ತು ಗಂಟೆಗೆ ಬುಟ್ಟಿಯಿಂದ ತೆಗೆದು ಮಲ್ಲಿಗೆ ಬಳ್ಳಿಯ ಬುಡಕ್ಕೆ ಹಾಕುತ್ತಾರೆ. ನಾನೂ ಈಗ ಬೇಡವೆನ್ನುವುದಿಲ್ಲ.