ನೆಲದೊಳಗಿನ ನಾಯಿ ಬೇಲಿ: ತುಳಿದರೆ ಶಾಕ್ ಹೊಡೆಯುತ್ತಾ?

ಪ್ರಶ್ನೆ: ಅಮೆರಿಕದಲ್ಲಿ ಮಗಳ ಮನೆಗೆ ಬಂದಿದ್ದೇವೆ. ಪಕ್ಕದ ಮನೆಗೆ ಕಾಂಪೌಂಡೇ ಇಲ್ಲ. ಆದರೂ ಅವರ ನಾಯಿ ಹುಲ್ಲಿನ ಅಂಚಿಗೆ ಬಂದು ಗಕ್ಕನೆ ನಿಲ್ಲುತ್ತದೆ. ನೆಲದೊಳಗೆ ಕರೆಂಟಿನ ಬೇಲಿ ಇದೆಯಂತೆ. ಮೊಮ್ಮಗಳು ಅಲ್ಲೇ ಬರಿಗಾಲಲ್ಲಿ ಓಡಾಡುತ್ತಾಳೆ. ಅವಳಿಗೆ ಶಾಕ್ ಹೊಡೆಯಲ್ವಾ?

ಉತ್ತರ: ಇಲ್ಲ, ಹೊಡೆಯಲ್ಲ. ನಮ್ಮ ಕಡೆ ಆನೆ, ಹಂದಿ ಬರದ ಹಾಗೆ ತೋಟಕ್ಕೆ ಹಾಕುವ ಸೋಲಾರ್ ಬೇಲಿ ನೋಡಿದವರಿಗೆ ಈ ಭಯ ಸಹಜ. ಅಲ್ಲಿ ತಂತಿ ಮುಟ್ಟಿದರೆ ಶಾಕ್. ಇಲ್ಲಿ ಶಾಕ್ ಕೊಡುವುದು ನಾಯಿಯ ಕತ್ತಿನ ಬೆಲ್ಟು.

ಮನೆಯೊಳಗೆ, ಹೆಚ್ಚಾಗಿ ಗ್ಯಾರೇಜಿನಲ್ಲಿ, ಪ್ಲಗ್ಗಿಗೆ ಹಾಕಿದ ಒಂದು ಪುಟ್ಟ ಟ್ರಾನ್ಸ್‌ಮಿಟರ್, ಅಂದರೆ ಸಿಗ್ನಲ್ ಕಳಿಸುವ ಪೆಟ್ಟಿಗೆ, ಇರುತ್ತದೆ. ಅಲ್ಲಿಂದ ಹೊರಟ ತಂತಿ ಜಾಗವನ್ನೆಲ್ಲ ಸುತ್ತಿ ಮತ್ತೆ ಅಲ್ಲಿಗೇ ಬಂದು ಸೇರಬೇಕು. ಹೂಳುವುದು ಎರಡು ಮೂರು ಇಂಚು ಅಷ್ಟೇ, ಅದೂ ಹುಲ್ಲು ಕತ್ತರಿಸುವ ಮಷಿನ್ನಿಗೆ ಸಿಗದಿರಲಿ ಅಂತ. ತಂತಿಯಲ್ಲಿ ಇರುವುದು ತೀರಾ ಸಣ್ಣ ರೇಡಿಯೊ ಸಿಗ್ನಲ್. ಅದರ ಫ್ರೀಕ್ವೆನ್ಸಿ ಸಾಮಾನ್ಯವಾಗಿ 7 ಅಥವಾ 10 ಕಿಲೋಹರ್ಟ್ಜ್, ಅಂದರೆ ಸೆಕೆಂಡಿಗೆ ಏಳು ಅಥವಾ ಹತ್ತು ಸಾವಿರ ಕಂಪನ. ಆಕಾಶವಾಣಿಯಲ್ಲಿ ಹಾಡು ಬರ್ತಾ ಇದ್ದರೂ ರೇಡಿಯೊ ಇಲ್ಲದ ಮನೆಯಲ್ಲಿ ಕೇಳಿಸಲ್ಲ, ಅಲ್ವಾ? ಈ ಸಿಗ್ನಲ್ ಹಿಡಿಯುವ ರೇಡಿಯೊ ಆ ಬೆಲ್ಟಿನಲ್ಲಿ ಮಾತ್ರ ಇದೆ.

ತಂತಿ ಇನ್ನೂ ಕೆಲವು ಅಡಿ ದೂರ ಇರುವಾಗಲೇ ಬೆಲ್ಟು ಬೀಪ್ ಅನ್ನುತ್ತದೆ. ಆಗಲೂ ಮುಂದೆ ಹೋದರೆ, ಕತ್ತಿನ ಚರ್ಮಕ್ಕೆ ತಾಗಿರುವ ಎರಡು ಲೋಹದ ಮೊನೆಗಳಿಂದ ಚುರುಕ್ ಅಂತ ಶಾಕ್. ಆ ಕರೆಂಟು ಬೆಲ್ಟಿನದೇ ಬ್ಯಾಟರಿಯದು. ಸಾಮಾನಿನ ಜೊತೆ ಸಾಮಾನ್ಯವಾಗಿ ಒಂದು ಪುಟಾಣಿ ಟೆಸ್ಟ್ ಬಲ್ಬ್ ಕೊಡುತ್ತಾರೆ. ಅದನ್ನು ಮೊನೆಗಳಿಗೆ ಸಿಕ್ಕಿಸಿ, ಬೆಲ್ಟನ್ನು ಕೈಯಲ್ಲಿ ಹಿಡಿದು ತಂತಿಯ ಕಡೆ ನಡೆದರೆ, ಗಡಿ ಬಂದಲ್ಲಿ ಬಲ್ಬು ಮಿನುಗುತ್ತದೆ.

ಇದರಲ್ಲಿ ನನಗೆ ತುಂಬಾ ಇಷ್ಟವಾದ ಉಪಾಯ ಒಂದಿದೆ. ಗ್ಯಾರೇಜಿನಿಂದ ಅಂಗಳದ ಅಂಚಿನವರೆಗೆ ಹೋಗುವ ತಂತಿ, ಬರುವ ತಂತಿ ಎರಡನ್ನೂ ಹುರಿ ಹೊಸೆದ ಹಾಗೆ ಹೊಸೆದಿರುತ್ತಾರೆ. ಒಂದರಲ್ಲಿ ಕರೆಂಟು ಆ ಕಡೆ, ಇನ್ನೊಂದರಲ್ಲಿ ಈ ಕಡೆ. ಹೀಗಾಗಿ ಒಂದರ ಸಿಗ್ನಲನ್ನು ಇನ್ನೊಂದು ಅಳಿಸಿಹಾಕುತ್ತದೆ. ನಾಯಿ ದಾಟಿದರೂ ಬೆಲ್ಟು ಸುಮ್ಮನಿರುತ್ತದೆ. ಹೊಸೆಯದೆ ಬಿಟ್ಟರೆ ಅಂಗಳದ ಮಧ್ಯೆಯೇ ಇನ್ನೊಂದು ಬೇಲಿ ಹಾಕಿದ ಹಾಗೆ.

ಅಮೆರಿಕದ ರಿಚರ್ಡ್ ಪೆಕ್ 1973ರಲ್ಲಿ ಈ ನಾಯಿ ಬೇಲಿಗೆ ಪೇಟೆಂಟ್ ಪಡೆದರು. ಆದರೆ ತಂತಿ ಹೂತ ಮಾತ್ರಕ್ಕೆ ಕೆಲಸ ಮುಗಿಯಲ್ಲ. ಗಡಿಯುದ್ದಕ್ಕೂ ಚಿಕ್ಕ ಬಾವುಟ ನೆಟ್ಟು, ನಾಯಿಯನ್ನು ಹಗ್ಗದಲ್ಲಿ ಹಿಡಿದು, ಬೀಪ್ ಕೇಳಿದ ಕೂಡಲೇ ಹಿಂದೆ ತಿರುಗುವುದನ್ನು ಎರಡು ವಾರವಾದರೂ ಕಲಿಸಬೇಕು. ಕಲಿಸದೆ ಬಿಟ್ಟರೆ ಪಾಪ, ತನಗೆ ಯಾಕೆ ನೋವಾಯಿತು ಅಂತಲೇ ಅದಕ್ಕೆ ತಿಳಿಯಲ್ಲ. ಅದು ಹಿಂಸೆಯೇ ಅಂತ ನಾನು ಹೇಳುತ್ತೇನೆ. ಬ್ರಿಟನ್ನಿನ ವೇಲ್ಸ್‌ನಲ್ಲಂತೂ 2010ರಿಂದ ಶಾಕ್ ಕೊಡುವ ಬೆಲ್ಟುಗಳನ್ನೇ ನಿಷೇಧಿಸಿದ್ದಾರೆ.

ನೀವು ಯೋಚಿಸಬೇಕಾದ ವಿಷಯ ಬೇರೆ ಇದೆ. ಬೆಲ್ಟ್ ಹಾಕಿದ ಆ ಒಂದು ನಾಯಿಗೆ ಮಾತ್ರ ಇದು ಬೇಲಿ. ಜಿಂಕೆ, ಬೇರೆ ನಾಯಿ, ನಿಮ್ಮ ಮೊಮ್ಮಗಳು, ಯಾರು ಬೇಕಾದರೂ ಒಳಗೆ ಹೋಗಬಹುದು. ಅಳಿಲಿನ ಬೆನ್ನು ಹತ್ತಿದ ನಾಯಿ ನೋವನ್ನು ಲೆಕ್ಕಿಸದೆ ಹೊರಗೂ ನುಗ್ಗಬಹುದು. ಆಮೇಲೆ ವಾಪಸ್ ಬರುವಾಗ ಮತ್ತೆ ಶಾಕ್ ಅಂತ ಹೆದರಿ ಹೊರಗೇ ಉಳಿದುಬಿಡಬಹುದು. ಗಡಿ ಸರಿಯಾಗಿ ಎಲ್ಲಿದೆ ಅಂತ ಆ ಮನೆಯವರನ್ನೇ ಕೇಳಿ. ಮೊಮ್ಮಗಳು ಅಲ್ಲಿಂದ ನಾಲ್ಕು ಹೆಜ್ಜೆ ಈಚೆಗೇ ಆಡಲಿ, ದೊಡ್ಡವರೊಬ್ಬರು ಜೊತೆಯಲ್ಲಿರಿ.